ಹಳದಿ ಅಂಚಿನ ಶಾಲು

೨೨ ಡಿಸೆಂಬರ್ ೨೦೨೪, ಭಾನುವಾರ

ಇವತ್ತಿಗೆ ನನಗೂ ಮೊಳಕಾಲ್ಮೂರಿನ ಹಾಕಿಗೂ ಇದ್ದ ಸಂಬಂಧ ಮುಗಿಯಿತು. ಬರೆದಿಟ್ಟಿದ್ದೇನೆ, ಇನ್ನು ಮಾತು ಬದಲಾಯಿಸುವ ಹಾಗಿಲ್ಲ.

ಬಿ.ಜಿ. ಕೆರೆಯ ಹೈಸ್ಕೂಲು ಹುಡುಗರ ಎದುರು ನಾಲ್ಕು–ಸೊನ್ನೆ. ನಾಲ್ಕು ಅವರದು. ಮೀಸೆ ಮೂಡದ ಮಕ್ಕಳು ನಮ್ಮ ರಾಮೇಶ್ವರ ತಂಡದ ಗಂಡಸರನ್ನು ಮೈದಾನದ ತುಂಬ ಓಡಾಡಿಸಿದರು. ಒಮ್ಮೆ ಅವರ ಗೋಲ್‌ಕೀಪರ್ ಜಾರಿ ಬಿದ್ದು, ಗೋಲು ಬಾಗಿಲು ತೆರೆದ ಮನೆಯ ಹಾಗೆ ಓಬಳೇಶನ ಮುಂದಿತ್ತು. ಆ ಪುಣ್ಯಾತ್ಮ ಚೆಂಡನ್ನು ಹೊಡೆದದ್ದು ಪಕ್ಕದ ಜಾಲಿ ಗಿಡಕ್ಕೆ. ನಾನು ಎದ್ದು ನಿಂತು, "ಲೇ ಓಬಳೇಶಾ, ಜಾಲಿ ಗಿಡ ಏನೋ ಮಾಡಿತ್ತು ನಿಂಗೆ?" ಎಂದು ಕೂಗಿದೆ. ಎಲ್ಲರೂ ನಕ್ಕರು. ಓಬಳೇಶನೂ ನಕ್ಕ. ಸೋಲುವವನು ನಗಬಾರದು. ನನಗೆ ಮೈಯೆಲ್ಲ ಉರಿದುಹೋಯಿತು.

ಸಿಟ್ಟು ಇಳಿಯಲೆಂದು ಎಲ್ಲವನ್ನೂ ಮೊದಲಿನಿಂದ ಬರೆಯುತ್ತೇನೆ. ನಾನು ಹುಟ್ಟಿದ್ದು ಚಳ್ಳಕೆರೆಯಲ್ಲಿ. ಅಪ್ಪ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂರಿಸಿಕೊಂಡು ಹಾಕಿ ಪಂದ್ಯಕ್ಕೆ ಕರೆದೊಯ್ಯುತ್ತಿದ್ದ. ಈಗ ಅಲ್ಲಿನ ಎಣ್ಣೆ ಗಿರಣಿಯ ತಂಡಕ್ಕೆ ನನ್ನಣ್ಣ ಹನುಮಂತರಾಜುವೇ ಅಧ್ಯಕ್ಷ. ಮೊಳಕಾಲ್ಮೂರಿಗೆ ಸೊಸೆಯಾಗಿ ಬಂದ ಮೇಲೆ ಗಂಡನ ಊರಿನ ತಂಡವೇ ನನ್ನ ತಂಡ ಎಂದುಕೊಂಡೆ. ಬೇರೆ ಸೊಸೆಯರಿಗೆ ಅತ್ತೆಯ ಕಾಟ, ನನಗೆ ಈ ತಂಡದ ಕಾಟ.

ಪ್ರತಿ ವರ್ಷ ಜನವರಿ ಇಪ್ಪತ್ತಾರಕ್ಕೆ ಎರಡೂ ಊರುಗಳ ನಡುವೆ ಪಂದ್ಯ. ಗೆದ್ದ ತಂಡದ ನಾಯಕನಿಗೆ ಮೊಳಕಾಲ್ಮೂರಿನ ರೇಷ್ಮೆ ಶಾಲು, ಸೋತ ತಂಡಕ್ಕೆ ಚಳ್ಳಕೆರೆಯ ಒಂದು ಡಬ್ಬಿ ಶೇಂಗಾ ಎಣ್ಣೆ. ಯಾರೂ ಬರಿಗೈಯಲ್ಲಿ ಹೋಗಬಾರದೆಂದು ಹಿರಿಯರು ಮಾಡಿದ ಕಟ್ಟಳೆ. ಎಂಟು ವರ್ಷದಿಂದ ಶಾಲು ಅಲ್ಲಿಗೆ, ಎಣ್ಣೆ ಇಲ್ಲಿಗೆ. ಜನವರಿ ಕೊನೆಯಲ್ಲಿ ನಮ್ಮ ಬೀದಿಯಲ್ಲಿ ಮೆಣಸಿನಕಾಯಿ ಬಜ್ಜಿಯ ವಾಸನೆ ಬಂತೆಂದರೆ ನಾವು ಸೋತಿದ್ದೇವೆ ಎಂದೇ ಅರ್ಥ. ಹೊಸದಾಗಿ ಬಾಡಿಗೆಗೆ ಬಂದವರೊಬ್ಬರು ಅದು ಯಾವುದೋ ಹಬ್ಬ ಎಂದುಕೊಂಡಿದ್ದರು.

ಆ ಶಾಲು ನೇಯುವುದು ನಮ್ಮ ಮಗ್ಗದಲ್ಲಿ, ನನ್ನ ಗಂಡ ಜಂಪಣ್ಣನವರು. (ಗಂಡನ ಹೆಸರು ಬರೆದುಬಿಟ್ಟೆ. ಇರಲಿ, ಇದನ್ನು ಓದುವವರು ಯಾರು?) ಅಂಚು ಯಾವಾಗಲೂ ನಮ್ಮ ತಂಡದ ಗಿಣಿ ಹಸಿರು, ಗೆಲ್ಲಲಿ ಎಂಬ ಹರಕೆಯ ಹಾಗೆ. ನೇಯುವಾಗ ಹೊರಗಿನವರಿಗೆ ತೋರಿಸುವುದಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋಗಿ ಮೈದಾನದಲ್ಲೇ ಬಿಚ್ಚುವುದು. ಹರಕೆ ಹೊತ್ತ ಎಂಟು ಹಸಿರಂಚಿನ ಶಾಲುಗಳು ಈಗ ಚಳ್ಳಕೆರೆಯಲ್ಲಿವೆ. ಅವುಗಳಲ್ಲಿ ಒಂದನ್ನು ನನ್ನ ಅತ್ತಿಗೆ ಪಾಪಕ್ಕ ಟಿ.ವಿ.ಗೆ ಧೂಳು ಕೂರದಂತೆ ಹೊದಿಸಿದ್ದಾಳೆ.

ಸಾಕಾಯಿತು. ನಾನು ಇನ್ನು ಮೇಲೆ ತವರಿನ ಕಡೆ.

೨೬ ಡಿಸೆಂಬರ್, ಗುರುವಾರ

ಬೆಳಿಗ್ಗೆ ಎದುರು ಮನೆಯ ಚೌಡೇಶ್ ಬಂದಿದ್ದ. ತಂಡದ ನಾಯಕ ಅವನೇ, ಗೋಲ್‌ಕೀಪರೂ ಅವನೇ. ಜಗುಲಿಯ ಮೇಲೆ ಕೂತು ಕಾಫಿ ಲೋಟ ತಿರುಗಿಸುತ್ತಿದ್ದನೇ ಹೊರತು ಕುಡಿಯಲಿಲ್ಲ.

"ಅಕ್ಕಾ, ಈ ಸಲಾನೂ ಸೋತ್ರೆ ತಂಡ ಮುಚ್ಚಿಬಿಡಾಣ ಅಂತ ಮಾತಾಗೈತೆ. ನಿಮ್ಮಣ್ಣ ಫೋನ್ ಮಾಡಿದ್ರು. ಚೆನ್ನಾಗಿ ಆಡೋ ಆರು ಜನ ಗಿರಣಿ ತಂಡಕ್ಕೆ ಬರ್ರಿ, ಬೂಟು, ಸ್ಟಿಕ್ಕು ಎಲ್ಲಾ ನಾವೇ ಕೊಡ್ತೀವಿ ಅಂದ್ರು."

"ಉಳಿದೋರು?"

"ಉಳಿದೋರು ಮಗ್ಗ ನೇಯ್ಕೊಂಡು ಇರ್ತೀವಿ. ನಾನೂ ಉಳಿದೋರಾಗೆ ಇದೀನಿ."

"ಒಳ್ಳೇದಾತು ಬಿಡು," ಎಂದೆ.

ನಿಜವಾಗಿಯೂ ಒಳ್ಳೆಯದೇ. ಎರಡೂ ಊರಿಗೆ ಒಂದೇ ತಂಡವಾದರೆ ತವರು, ಗಂಡನ ಮನೆ ಎಂಬ ಜಗ್ಗಾಟವೇ ಇಲ್ಲ. ಒಂದೇ ಕಡೆ ಕೂತು ಒಂದೇ ಕಡೆ ಚಪ್ಪಾಳೆ ಹೊಡೆಯಬಹುದು. ಇಷ್ಟು ಖುಷಿಯ ಸುದ್ದಿ ಕೇಳಿಯೂ ಮಧ್ಯಾಹ್ನ ಸಾರಿಗೆ ಉಪ್ಪು ಹಾಕುವುದನ್ನು ಮರೆತೆ. ಇವರು ತಾವೇ ಉಪ್ಪು ಬೆರೆಸಿಕೊಂಡು ಉಂಡರು.

೩ ಜನವರಿ ೨೦೨೫, ಶುಕ್ರವಾರ

ಶಾಲಿನ ನೂಲಿನ ಮಾತು ಬಂತು. ಅಂಚಿಗೆ ಹಳದಿ ತರಿಸಿ ಎಂದೆ. ಹಳದಿ ಗಿರಣಿ ತಂಡದ ಬಣ್ಣ.

ಇವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಎಂಟು ವರ್ಷ ಹಸಿರೇ ಹಾಕೀವಲ್ಲೇ."

"ಎಂಟು ವರ್ಷ ಏನಾತು? ಹೆಂಗಿದ್ರೂ ಅಲ್ಲಿಗೇ ಹೋಗೋ ಶಾಲು. ಅವರ ಅಂಗಿಗಾದ್ರೂ ಹೊಂದ್ಲಿ."

"ಹುಡುಗ್ರು ನೋಡಿದ್ರೆ?"

"ನೋಡ್ಲಿ ಬಿಡ್ರಿ. ನಾಚಿಕೆ ಅನ್ನೋದು ಹಂಗಾದ್ರೂ ಬರ್ಲಿ."

ಇವರು ವಾದಿಸುವ ಜಾತಿಯಲ್ಲ. ಸಂಜೆ ಹಳದಿ ನೂಲು ಬಂತು. ಒಳ್ಳೆಯ ಬಣ್ಣ, ಗಾಣದಿಂದ ಆಗಷ್ಟೇ ಇಳಿದ ಎಣ್ಣೆಯ ಹಾಗಿದೆ. ಅಣ್ಣನಿಗೆ ಸಂತೋಷವಾಗುತ್ತದೆ. ನನಗೂ ಆಗಿದೆ ಎಂದೇ ಅಂದುಕೊಂಡಿದ್ದೇನೆ.

೯ ಜನವರಿ, ಗುರುವಾರ

ಮಗ್ಗಕ್ಕೆ ಉದ್ದದ ಎಳೆಗಳ ಹಾಸು ಕಟ್ಟಿ ಮುಗಿಯಿತು. ಎರಡೂ ಅಂಚಿಗೆ ಹಳದಿ ಎಳೆ. ಹಾಸು ಹಾಕಿಬಿಟ್ಟರೆ ಅಂಚಿನ ಹಣೆಬರಹ ಬರೆದ ಹಾಗೆಯೇ. ಬೀದಿ ಕಡೆಯ ಕಿಟಕಿಗೆ ಹಳೆಯ ಸೀರೆ ಕಟ್ಟಿದ್ದೇನೆ.

೧೧ ಜನವರಿ, ಶನಿವಾರ

ಸಂಜೆ ಕೊತ್ತಂಬರಿ ತರಲು ಹೋದೆ. ದಾರಿಯಲ್ಲಿ ಮೈದಾನ ಸಿಕ್ಕಿತು. (ಸಂತೆ ಆ ಕಡೆ, ಮೈದಾನ ಈ ಕಡೆ. ಆದರೆ ಸುತ್ತಿ ಹೋದರೆ ಕಾಲಿಗೆ ಒಳ್ಳೆಯದು.)

ನಮ್ಮವರು ತಮ್ಮತಮ್ಮಲ್ಲೇ ಎರಡು ಪಾಲಾಗಿ ಆಡುತ್ತಿದ್ದರು. ನಿಂತು ನೋಡಿದೆ, ಸುಮ್ಮನೆ. ಆಗ ಹೊಳೆಯಿತು: ಮೊದಲ ಹತ್ತು ನಿಮಿಷ ಯಾರ ಕಾಲೂ ಏಳುವುದಿಲ್ಲ! ಬಿ.ಜಿ. ಕೆರೆಯ ಹುಡುಗರೂ ಆ ಹತ್ತು ನಿಮಿಷದಲ್ಲೇ ಮೂರು ಗೋಲು ಹಾಕಿದ್ದರು. ಏಳುವುದು ಹೇಗೆ? ಬೆಳಗಿನಿಂದ ಕುಣಿಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತವರು ಎದ್ದು ನೇರ ಮೈದಾನಕ್ಕೆ ಬಂದರೆ ಕಾಲಿಗೆ ಜೋಮು ಹಿಡಿದಿರುತ್ತದೆ. ಅಷ್ಟರಲ್ಲಿ ಎದುರಿನವರು ಗೋಲು ಹಾಕಿ ಮುಗಿಸಿರುತ್ತಾರೆ.

ನನಗೇನು? ಹೇಳದೇ ಬರೋಣ ಎಂದುಕೊಂಡೆ. ಆದರೆ ಓಬಳೇಶ ಚೆಂಡಿಗೆ ಓಡಿ ಹೋಗಿ ಚೆಂಡಿಗಿಂತ ಮೊದಲು ತಾನೇ ಬಿದ್ದ. ತಡೆಯಲಾಗಲಿಲ್ಲ, ಚೌಡೇಶನನ್ನು ಕರೆದು ಹೇಳಿಬಿಟ್ಟೆ. ಕೊತ್ತಂಬರಿ ಮರೆತು ಮನೆಗೆ ಬಂದೆ.

೧೨ ಜನವರಿ, ಭಾನುವಾರ

ನಮ್ಮ ಹುಡುಗರನ್ನು ಜಟಿಂಗ ರಾಮೇಶ್ವರ ಬೆಟ್ಟ ಹತ್ತಿಸಿದೆ. ನಾನೂ ಹತ್ತಿದೆ. ಅದು ದೇವರ ದರ್ಶನಕ್ಕೆ, ಹಾಕಿಗಲ್ಲ. ಓಬಳೇಶ ಅರ್ಧ ದಾರಿಯಲ್ಲಿ, "ಅಕ್ಕಾ, ದೇವ್ರು ಕೆಳಗೂ ಇರ್ತಾನೆ," ಎಂದು ಬಂಡೆಯ ಮೇಲೆ ಕೂತುಬಿಟ್ಟ. ಅವನನ್ನು ಎಬ್ಬಿಸಲು ಎರಡು ಚಕ್ಕುಲಿ ಬೇಕಾಯಿತು.

೧೩ ಜನವರಿ, ಸೋಮವಾರ

ಜಂಬುಲಿಂಗಪ್ಪನವರ ಮನೆಗೆ ಹೋಗಿದ್ದೆ. ತಂಡದ ಏಳು ಜನ ನೇಯುವುದು ಅವರ ಮಗ್ಗಗಳಲ್ಲಿ. ಪಂದ್ಯ ಮುಗಿಯುವವರೆಗೆ ಅವರನ್ನು ಸಂಜೆ ಒಂದು ಗಂಟೆ ಬೇಗ ಬಿಡಿ ಎಂದೆ.

"ಮದುವೆ ಸೀಜನ್ ಐತಮ್ಮ. ಸೀರೆ ಯಾರು ನೇಯ್ಬೇಕು? ಹೆಂಗೂ ಸೋಲೋರೇ ಅಲ್ವಾ?"

"ಹೌದ್ರಿ, ಸೋಲೋರೇ. ಸೋಲೋಕಾದ್ರೂ ಕಾಲು ಆಡ್ಬೇಕಲ್ರಿ!"

ನಕ್ಕುಬಿಟ್ಟರು, ನಕ್ಕವರು ಒಪ್ಪಿದರು. ಹೊರಗೆ ಬರುವಾಗ ಅವರ ಮಾತಿಗೆ ನನಗೇಕೆ ಅಷ್ಟು ಸಿಟ್ಟು ಬಂತೋ ತಿಳಿಯಲಿಲ್ಲ. ಅದೇ ಮಾತನ್ನು ನಾನು ದಿನಕ್ಕೆ ನಾಲ್ಕು ಸಲ ಆಡುತ್ತೇನೆ. ಆದರೆ ನಾನು ಆಡುವುದು ಬೇರೆ.

೧೬ ಜನವರಿ, ಗುರುವಾರ

ಶಾಲು ನೇಯಲು ಶುರು ಮಾಡಿ ಮೂರು ದಿನ. ನಮ್ಮದು ಮೂರು ಲಾಳಿಯ ನೇಯ್ಗೆ. ನಡುವಿನ ಲಾಳಿಯೂ ಎಡ ಅಂಚಿನ ಲಾಳಿಯೂ ಇವರ ಕೈಯಲ್ಲಿ, ಬಲ ಅಂಚಿನ ಲಾಳಿ ನನ್ನ ಕೈಯಲ್ಲಿ. ಒಬ್ಬರು ಲಾಳಿ ಬಿಡುವಾಗ "ಇದಿಗೋ" ಎನ್ನಬೇಕು, ಇನ್ನೊಬ್ಬರು "ಆಂ" ಎನ್ನಬೇಕು. ಇಲ್ಲದಿದ್ದರೆ ಅಂಚು ಶಾಲಿನ ಒಡಲಿಗೆ ಕೂಡುವುದಿಲ್ಲ. ಜಗಳವಾಡಿ ಮಾತು ಬಿಟ್ಟ ದಿನವೂ ನಾನೂ ಇವರೂ ಈ ಎರಡು ಮಾತು ಬಿಟ್ಟಿಲ್ಲ. ನಮ್ಮ ಸಂಸಾರ ನಡೆದಿರುವುದೇ ಅದರ ಮೇಲೆ.

ಸಂಜೆ ಮೈದಾನದ ಕಡೆಯಿಂದ ಬಂದೆ. ಹುಡುಗರ ಕಾಲು ಏಳುತ್ತಿವೆ, ಸುಳ್ಳು ಹೇಳಬಾರದು. ಆದರೆ ಒಬ್ಬ ಚೆಂಡು ಕೊಡುತ್ತಾನೆ, ತಗೊಳ್ಳಬೇಕಾದವನು ಆಕಾಶ ನೋಡುತ್ತಿರುತ್ತಾನೆ. ಹನ್ನೊಂದು ಜನ ಮೌನವ್ರತ ಹಿಡಿದ ಹಾಗೆ ಓಡುತ್ತಾರೆ. ನನಗೆ ರೇಗಿತು. ಗೆರೆ ದಾಟಿ ಒಳಗೇ ಹೋದೆ.

"ಲಾಳಿ ಬಿಡೋವಾಗ ಊರೆಲ್ಲಾ ಕೇಳೋ ಹಂಗೆ ಕೂಗ್ತೀರಲ್ಲೋ! ಚೆಂಡು ಬಿಡೋವಾಗ ಬಾಯಿಗೆ ಏನಾಗೈತೆ?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಓಬಳೇಶ ಮೆಲ್ಲಗೆ "ಇದಿಗೋ" ಎಂದು ಚೆಂಡು ತಳ್ಳಿದ. ಆ ಕಡೆಯಿಂದ ಯಾರೋ "ಆಂ" ಎಂದ. ಚೆಂಡು ಸೀದಾ ಅವನ ಸ್ಟಿಕ್ಕಿಗೆ ಹೋಗಿ ಕೂತಿತು.

೧೮ ಜನವರಿ, ಶನಿವಾರ

ನನ್ನಿವಾಳದ ತಂಡದ ಜೊತೆ ಎರಡು–ಎರಡು! ಸೋಲಲಿಲ್ಲ! ಮೈದಾನದ ತುಂಬ "ಇದಿಗೋ, ಆಂ, ಇದಿಗೋ, ಆಂ" ಎಂದು ಕೂಗೋ ಕೂಗು. ನನ್ನಿವಾಳದವರ ಜೊತೆ ಬಂದಿದ್ದ ಮುದುಕ ಹುಲಿಯಪ್ಪನವರು, "ಏನಮ್ಮಾ, ನಿಮ್ಮೋರು ಹಾಕಿ ಆಡ್ತಾರೋ ಸೀರೆ ನೇಯ್ತಾರೋ?" ಎಂದರು. "ಎರಡೂ ಒಂದೇ ಕಣ್ರಿ," ಎಂದೆ.

ಕೊನೆಯಲ್ಲಿ ಚೌಡೇಶ್ ಒಂದು ಚೆಂಡು ತಡೆದ. ಮೈಯೆಲ್ಲ ಮಣ್ಣು, ಮೊಣಕೈ ತರಚಿ ರಕ್ತ. ಎದ್ದವನು ನನ್ನ ಕಡೆ ನೋಡಿ ಕೈ ಎತ್ತಿದ. ನನ್ನ ಕೈಯೂ ಮೇಲೆ ಹೋಯಿತು. ಸೆರಗು ಸರಿಮಾಡಿಕೊಳ್ಳಲು ಇರಬೇಕು.

೧೯ ಜನವರಿ, ಭಾನುವಾರ

ಒಂದು ಎಡವಟ್ಟಾಗಿದೆ.

ಬೆಳಿಗ್ಗೆ ಮಗ್ಗಕ್ಕೆ ಕೂತಾಗ ನನ್ನ ಲಾಳಿಯ ನೂಲು ಮುಗಿದಿತ್ತು. ಪೆಟ್ಟಿಗೆಗೆ ಕೈ ಹಾಕಿ ನೂಲು ಸುತ್ತಿಟ್ಟ ಬೇರೆ ಕಂಡಿಕೆ ತೆಗೆದು ಲಾಳಿಗೆ ಹಾಕಿದೆ. ಬಾಯಲ್ಲಿ ನಿನ್ನೆಯ ಆಟದ್ದೇ ಮಾತು. ಓಬಳೇಶ ಹೇಗೆ ನುಗ್ಗಿದ, ಚೌಡೇಶ್ ಹೇಗೆ ಹಾರಿದ, ಇವರಿಗೆ ಎಲ್ಲವನ್ನೂ ಎರಡನೆಯ ಸಲ ಹೇಳುತ್ತಿದ್ದೆ. "ಇದಿಗೋ" ಅನ್ನುತ್ತಿದ್ದೆ, "ಆಂ" ಅನ್ನುತ್ತಿದ್ದರು. ಒಂದು ಗೇಣು ನೇಯ್ದಾದ ಮೇಲೆ ಇವರು ಮಗ್ಗ ನಿಲ್ಲಿಸಿದರು.

"ನಿನ್ನ ಕಡೆ ಅಂಚು ನೋಡೇ."

ನೋಡಿದರೆ ಹಸಿರು! ಹೋದ ವರ್ಷದ ಉಳಿದ ಹಸಿರು ಕಂಡಿಕೆಯನ್ನು ಹಾಕಿಬಿಟ್ಟಿದ್ದೆ. ಉದ್ದಕ್ಕೆ ಹಳದಿ ಹಾಸು, ಅಡ್ಡಕ್ಕೆ ಹಸಿರು ಹೊಕ್ಕು. ಎಳೆ ಬಾಳೆಯೆಲೆಯಂಥ ಬಣ್ಣ ಹೊಳೆಯುತ್ತಿತ್ತು. ಮಗ್ಗದ ಮುಂದೆ ಹುಟ್ಟಿ ಬೆಳೆದವಳ ಹಾಗೆ ಮಾತಾಡುವ ನನಗೆ ಬಣ್ಣ ಕಾಣಲಿಲ್ಲವೇ? "ಬೆಳಕು ಕಮ್ಮಿ ಇತ್ತು," ಎಂದೆ. ಕಿಟಕಿಯ ಬಿಸಿಲು ನೇರ ಪೆಟ್ಟಿಗೆಯ ಮೇಲೇ ಬಿದ್ದಿತ್ತು.

"ಬಿಚ್ಚಾಣ್ರಿ," ಎಂದೆ.

ಇವರು ಬಿಚ್ಚಲಿಲ್ಲ, ಬೈಯಲೂ ಇಲ್ಲ. ತಮ್ಮ ಎಡ ಅಂಚಿನ ಲಾಳಿಯಿಂದ ಹಳದಿ ಕಂಡಿಕೆ ತೆಗೆದರು. ಪೆಟ್ಟಿಗೆಯಲ್ಲಿ ಹುಡುಕಿ ಒಂದು ಹಸಿರು ಕಂಡಿಕೆ ಹಾಕಿಕೊಂಡರು.

"ಇದಿಗೋ," ಎಂದರು.

ನಾನು "ಆಂ" ಎಂದೆ. ಇನ್ನೇನು ಅನ್ನಲಿ?

೨೨ ಜನವರಿ, ಬುಧವಾರ

ಅಣ್ಣ ಫೋನ್ ಮಾಡಿದ್ದ. "ನಿಮ್ಮ ಕಡೆ ಏನೋ ಮಂತ್ರ ಹಾಕಿ ಆಡ್ತಾರಂತಲ್ಲಮ್ಮ?" ಎಂದ. ನನಗೇನು ಗೊತ್ತು, ನಾನು ಆ ಕಡೆ ತಲೆ ಹಾಕಿ ಮಲಗುವುದಿಲ್ಲ ಎಂದೆ. ಅಷ್ಟರಲ್ಲಿ ಓಬಳೇಶ ಬಾಗಿಲಲ್ಲಿ ನಿಂತು, "ಅಕ್ಕಾ, ಇವತ್ತು ಪೆನಾಲ್ಟಿ ಕಾರ್ನರ್ ಅಭ್ಯಾಸ ಮಾಡ್ಸಲ್ವಾ?" ಎಂದು ಕೂಗಿದ. ಫೋನಿನ ಆ ಕಡೆ ಅಣ್ಣ ಬಹಳ ಹೊತ್ತು ನಕ್ಕ.

೨೫ ಜನವರಿ, ಶನಿವಾರ

ಶಾಲು ಮಗ್ಗದಿಂದ ಇಳಿಯಿತು. ಹಾಸಿ ನೋಡಿದೆ. ಮೊದಲರ್ಧ ಹಳದಿ, ಉಳಿದರ್ಧ ಹಸಿರು.

ನಾಳೆ ಎಲ್ಲರ ಮುಂದೆ ಬಿಚ್ಚಬೇಕು. ಸೋತರೆ ಸರಿ, ಹಳದಿಯವರಿಗೆ ಹಳದಿ. ಗೆದ್ದರೆ? ನಾನು ಬೆಟ್ಟ ಹತ್ತಿಸಿದ ಹುಡುಗರು ನಾನೇ ಅವರ ಸೋಲನ್ನು ಮೊದಲೇ ನೇಯ್ದಿಟ್ಟಿದ್ದನ್ನು ನೋಡುತ್ತಾರೆ. ಬೇರೆ ಶಾಲು ನೇಯಲು ಹೊತ್ತಿಲ್ಲ. ಸೋತರೆ ತಂಡ ಹೋಗುತ್ತದೆ, ಗೆದ್ದರೆ ನನ್ನ ಮಾನ ಹೋಗುತ್ತದೆ.

ಗೆಲ್ಲಲಿ. ಮಾನದ್ದು ಆಮೇಲೆ ನೋಡಿಕೊಳ್ಳೋಣ.

೨೭ ಜನವರಿ, ಸೋಮವಾರ

ನಿನ್ನೆ ಬರೆಯಲು ಆಗಲಿಲ್ಲ. ಇವತ್ತೂ ಗಂಟಲಿಲ್ಲ, ಆದರೆ ಬರೆಯಲು ಗಂಟಲು ಬೇಕಾಗಿಲ್ಲ.

ಈ ಸಲದ ಪಂದ್ಯ ಚಳ್ಳಕೆರೆಯಲ್ಲಿ. ಟೆಂಪೊ ಮಾಡಿಕೊಂಡು ಹೋದೆವು. ಅಣ್ಣ ಶಾಮಿಯಾನದ ಕೆಳಗೆ ತನ್ನ ಪಕ್ಕದಲ್ಲೇ ನನಗೆ ಕುರ್ಚಿ ಹಾಕಿಸಿದ್ದ. ಕುರ್ಚಿ ಚಳ್ಳಕೆರೆಯದು, ಗಂಟಲು ಮೊಳಕಾಲ್ಮೂರಿನದು. ಸ್ವಲ್ಪ ಹೊತ್ತಿಗೆ ಅಣ್ಣನೇ, "ಅಮ್ಮಾ, ನನ್ನ ಕಿವಿ ಹೋಗ್ತೈತೆ, ಆ ಕಡೆ ಕೂತ್ಕೋ ಹೋಗು," ಎಂದ. ನಾನು ಕುರ್ಚಿ ಎತ್ತಿಕೊಂಡೇ ಆ ಕಡೆ ಹೋದೆ.

ಮೊದಲ ಹತ್ತು ನಿಮಿಷ ಗೋಲು ಬೀಳಲಿಲ್ಲ. ಎಂಟು ವರ್ಷದಲ್ಲಿ ಇದೇ ಮೊದಲು. ಆಮೇಲೆ ನಾವು ಒಂದು ಹಾಕಿದೆವು, ಅವರು ಎರಡು ಹಾಕಿದರು. ನಾನು ಮನಸ್ಸಿನಲ್ಲೇ ಬಜ್ಜಿಗೆ ಹಿಟ್ಟು ಕಲೆಸಲು ಶುರು ಮಾಡಿದ್ದೆ. ಅಷ್ಟರಲ್ಲಿ ನಮ್ಮವರು ಇನ್ನೊಂದು ಹಾಕಿ ಸಮ ಮಾಡಿದರು. ಮುಗಿಯಲು ಸ್ವಲ್ಪ ಹೊತ್ತಿದೆ ಎನ್ನುವಾಗ ಬಲಗಡೆಯಿಂದ "ಇದಿಗೋ" ಎಂದು ಯಾರೋ ಕೂಗಿದರು. ಓಬಳೇಶ "ಆಂ" ಎಂದ. ಗೋಲು ಮುಂದಿತ್ತು. ನಾನು ಕಣ್ಣು ಮುಚ್ಚಿಕೊಂಡೆ, ಜಾಲಿ ಗಿಡ ಎಲ್ಲಿದ್ದರೂ ಅವನು ಹುಡುಕಿ ಹೊಡೆಯುತ್ತಾನೆ. ಕಣ್ಣು ಬಿಟ್ಟಾಗ ಹುಡುಗರು ಅವನ ಮೇಲೆ ರಾಶಿ ಬಿದ್ದಿದ್ದರು.

ಕೊನೆಯಲ್ಲಿ ಗಿರಣಿ ತಂಡಕ್ಕೆ ಪೆನಾಲ್ಟಿ ಕಾರ್ನರ್. ಚೌಡೇಶ್ ಅದನ್ನು ಎದೆ ಕೊಟ್ಟು ತಡೆದ. ಸೀಟಿ ಊದಿದರು. ಮೂರು–ಎರಡು. ಮೂರು ನಮ್ಮದು.

ಕುಣಿದೆ. ಕುಣಿಯುತ್ತಾ ಆ ಕಡೆ ನೋಡಿದರೆ ಅಣ್ಣ ನನ್ನ ಕುರ್ಚಿ ಇದ್ದ ಖಾಲಿ ಜಾಗದ ಪಕ್ಕ ಒಬ್ಬನೇ ಕೂತಿದ್ದ. ಥೇಟ್ ಅಪ್ಪನ ಮುಖ. ಅಪ್ಪ ಪಂದ್ಯ ಸೋತು ಬಂದ ದಿನ ಸೈಕಲ್ಲು ತಳ್ಳಿಕೊಂಡು ಹೀಗೇ ಬರುತ್ತಿದ್ದ. ನನಗೆ ಅಳು ಬಂತು. ಗೆದ್ದ ದಿನವೂ ನೆಮ್ಮದಿಯಾಗಿ ಖುಷಿಪಡಲು ಬಿಡದ ಹಣೆಬರಹ ನನ್ನದು.

ಶಾಲು ನೇಯ್ದ ಮನೆಯವರೇ ಹೊದಿಸಬೇಕು. ಇವರಿಗೆ ಸಂಕೋಚ, ಹಾಗಾಗಿ ವರ್ಷವೂ ನಾನೇ. ಬಿಳಿ ಬಟ್ಟೆ ಬಿಚ್ಚಿದೆ. ಮೊದಲು ಕಂಡದ್ದು ಹಳದಿ.

"ಇದು ನಮ್ಮ ಬಣ್ಣ ಅಲ್ವೇನಮ್ಮಾ?" ಎಂದ ಅಣ್ಣ.

ಓಬಳೇಶನ ನಗು ನಿಂತುಹೋಯಿತು. "ಅಕ್ಕಾ, ನಾವು ಸೋಲ್ತೀವಿ ಅಂತ ಮೊದ್ಲೇ ನೇಯ್ದಿದ್ಯಾ?"

"ಹೂಂ ಕಣೋ," ಎಂದೆ. "ಸಿಟ್ಟಿತ್ತು. ನಿಮ್ಮ ಮೇಲೆ ನಂಬಿಕೆ ಹೊರಟುಹೋಗಿತ್ತು." ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಚೌಡೇಶ್ ಶಾಲನ್ನು ನನ್ನ ಕೈಯಿಂದ ತಗೊಂಡ. ನೇಕಾರನಲ್ಲವೇ, ಕಣ್ಣಿಗಿಂತ ಮೊದಲು ಬೆರಳು ಓಡಿತು. ಅಂಚನ್ನು ಸವರುತ್ತಾ ಸವರುತ್ತಾ ನಡುವೆ ಬಂದು ನಿಲ್ಲಿಸಿದ. ಹಳದಿ ಮುಗಿದು ಹಸಿರು ಶುರುವಾಗುವ ಜಾಗ. ಎರಡೂ ಅಂಚನ್ನು ಕೂಡಿಸಿ ಹಿಡಿದು ನೋಡಿದ.

"ಬಲಗಡೆ ಒಂದು ಗೇಣು ಮುಂಚೆ ತಿರುಗೈತೆ. ಇದು ಯಾರ ಕೈ ಅಕ್ಕಾ?"

"ನಂದು."

"ಯಾವತ್ತು?"

"ನನ್ನಿವಾಳದ ಪಂದ್ಯ ಆದ ಮಾರನೇ ದಿನ."

ಶಾಲನ್ನು ಮಡಿಸಿ ನನ್ನ ಕೈಗೆ ವಾಪಸು ಕೊಟ್ಟ. ಆಮೇಲೆ ತಲೆ ಬಗ್ಗಿಸಿ, ಹೊದಿಸು ಎಂಬಂತೆ ನನ್ನ ಮುಂದೆ ನಿಂತ. "ನಂಗೂ ಅವತ್ತೇ ಅಕ್ಕಾ ನಂಬಿಕೆ ಬಂದಿದ್ದು. ಅಲ್ಲೀಗಂಟ ನಾನೂ ಹಳದೀನೇ ಇದ್ದೆ."

ಹೊದಿಸಿದೆ. ಒಂದು ಭುಜದ ಮೇಲೆ ಹಳದಿ, ಇನ್ನೊಂದರ ಮೇಲೆ ಹಸಿರು. ಓಬಳೇಶ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ. ನಾನು ಮೂಗು ಒರೆಸಿಕೊಂಡೆ.

ಇನ್ನುಳಿದದ್ದು ಎಣ್ಣೆ. ಸೋತವರಿಗೆ ಎಣ್ಣೆ ಎಂಬ ಕಟ್ಟಳೆಯಂತೆ ಅಣ್ಣ ತನ್ನ ಗಿರಣಿಯ ಡಬ್ಬಿಯನ್ನು ತಾನೇ ಕೊಟ್ಟು ತಾನೇ ತಗೊಳ್ಳಬೇಕಾಯಿತು. ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡು ಕೂಸು ಎತ್ತಿಕೊಂಡವನ ಹಾಗೆ ನಿಂತಿದ್ದ. "ಇದನ್ನ ಏನ್ ಮಾಡಾದಮ್ಮಾ? ನಮಗೆ ಅಭ್ಯಾಸ ಇಲ್ಲ," ಎಂದ.

"ನಂಗೈತೆ, ಕೊಡು," ಎಂದೆ.

ತವರಿನ ಅಡುಗೆಮನೆಯಲ್ಲಿ ಪಾಪಕ್ಕನೂ ನಾನೂ ಕೂತು ಎರಡೂ ತಂಡಕ್ಕೂ ಬಜ್ಜಿ ಕರಿದೆವು. ಅಂಗಳದ ತುಂಬ ಹಳದಿ ಅಂಗಿ, ಹಸಿರು ಅಂಗಿ ಬೆರೆತುಹೋಗಿದ್ದವು. ಮೊದಲ ತಟ್ಟೆ ಅಣ್ಣನಿಗೆ ಕೊಟ್ಟೆ. ತಿಂದು, "ಸೋತ್ರೆ ಇಷ್ಟು ರುಚಿ ಇರ್ತೈತಾ?" ಎಂದ. ನಕ್ಕಿದ್ದು ಆಗಲೇ, ಬೆಳಗಿನಿಂದ ಮೊದಲ ಸಲ. ಆರು ಜನರನ್ನು ಕರೆಯುವ ಮಾತನ್ನು ಅವನು ಎತ್ತಲಿಲ್ಲ. ಚೌಡೇಶ್ ಶಾಲಿಗೆ ಎಣ್ಣೆ ತಾಗೀತೆಂದು ಅದನ್ನು ತೆಗೆದು ಪಾಪಕ್ಕನ ಟಿ.ವಿ. ಮೇಲೆ ಇಟ್ಟು, ಹೊರಡುವಾಗ ಮರೆಯದೆ ತಗೊಂಡ.

೯ ಫೆಬ್ರುವರಿ, ಭಾನುವಾರ

ಬಿ.ಜಿ. ಕೆರೆಯ ಹೈಸ್ಕೂಲು ಹುಡುಗರ ಎದುರು ಮತ್ತೆ ಪಂದ್ಯ. ಮೂರು–ಎರಡು. ಮೂರು ಅವರದು. ಗೆದ್ದ ಅಮಲಿನಲ್ಲಿ ಯಾರೂ ಬೆಟ್ಟ ಹತ್ತಿಲ್ಲ, ಬಾಯಿಯನ್ನೂ ಬಿಟ್ಟಿಲ್ಲ. ಓಬಳೇಶ ಮತ್ತೆ ಅದೇ ಜಾಲಿ ಗಿಡಕ್ಕೆ ಹೊಡೆದ, ಹೊಡೆದು ನಕ್ಕ.

ಇವತ್ತಿಗೆ ನನಗೂ ಮೊಳಕಾಲ್ಮೂರಿನ ಹಾಕಿಗೂ ಇದ್ದ ಸಂಬಂಧ ಮುಗಿಯಿತು. ಮುಂದಿನ ಶಾಲಿಗೆ ಹಸಿರು ನೂಲು ಈಗಲೇ ತಂದಿಡಿ ಎಂದು ಇವರಿಗೆ ಹೇಳಿದ್ದೇನೆ.